ಕಂಡದ್ದು, ತಿಂದದ್ದು

ಸರಸ್ವತಿಪುರಂ, ಮೈಸೂರು
14 ಜುಲೈ 2024, ಭಾನುವಾರ

ಪ್ರಿಯ ಧರಣಿ,

ನೀನು ಊರು ಬಿಟ್ಟ ಮೇಲೆ ಇದು ಐದನೆಯ ಭಾನುವಾರ. ಮೊದಲ ನಾಲ್ಕನ್ನು ಮನೆಯಲ್ಲೇ ಕಳೆದೆ. ಬಟ್ಟೆ ಒಗೆದೆ, ಒಣಗಿದ್ದನ್ನು ಇಸ್ತ್ರಿ ಮಾಡಿದೆ, ಮಧ್ಯಾಹ್ನ ಮಲಗಿ ಎದ್ದೆ. ಇವತ್ತು ಹೊರಟೆ. ಪಟ್ಟಿಯ ಪ್ರಕಾರ ಹಂಚ್ಯಾ.

ಟಿಕೆಟ್ ಜೊತೆಗಿದೆ. ನೋಟ್‌ಬುಕ್ ನೀನು ಒಯ್ದಿರುವುದರಿಂದ ಅಂಟಿಸುವ ಕೆಲಸ ನಿನ್ನದೇ. ಟಿಕೆಟ್ಟಿನ ಕೆಳಗೆ ನನ್ನ ಸಾಲನ್ನು ಹೀಗೆ ಬರೆದುಕೋ. ಕಂಡದ್ದು: ಅರ್ಧ ಕಟ್ಟಿ ನಿಲ್ಲಿಸಿದ ಮನೆಯ ತಾರಸಿಯ ಮೇಲೆ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನೀಲಿ ಸ್ವೆಟರಿನ ಮುದುಕ, ರಸ್ತೆಗೆ ಬೆನ್ನು ಹಾಕಿ. ‘ತಿಂದದ್ದು’ ನಿನ್ನ ಸಾಲು. ನೀನಿಲ್ಲದೆ ಏನೂ ತಿನ್ನಲಿಲ್ಲ, ಒಂದು ಟೀ ಕುಡಿದೆ. ಆ ಸಾಲನ್ನು ಖಾಲಿ ಬಿಡು.

ಕಂಡಕ್ಟರ್ ಹೆಣ್ಣುಮಗಳು. ಕೊನೆಯ ಸ್ಟಾಪಿನಲ್ಲಿ ಇಳಿದ ನಾನು ಹತ್ತು ನಿಮಿಷ ಬಿಟ್ಟು ಅದೇ ಬಸ್ಸು ಹತ್ತಿದ್ದನ್ನು ನೋಡಿ, “ಯಾಕಮ್ಮ, ಮನೆ ಸಿಗ್ಲಿಲ್ವಾ?” ಎಂದಳು.

“ಯಾರ ಮನೆಗೂ ಬಂದದ್ದಲ್ಲ.”

“ಮತ್ತೆ ಇಲ್ಲೇನಿದೆ ಅಂತ ಬಂದ್ರಿ?”

ನೀನಿದ್ದಿದ್ದರೆ ಪೂರ್ತಿ ಕಥೆ ಹೇಳುತ್ತಿದ್ದೆ. ಒಂಬತ್ತು ವರ್ಷದ ಹಿಂದೆ ನಾನು ಒಂದು ಕಾದಂಬರಿಯಲ್ಲಿ, ನೀನು ಎಂಟನೇ ಕ್ಲಾಸಿನ ಉತ್ತರಪತ್ರಿಕೆಗಳಲ್ಲಿ ಮುಳುಗಿ, ಇಬ್ಬರೂ ಸ್ಟಾಪ್ ತಪ್ಪಿಸಿಕೊಂಡದ್ದು. “ಇಳೀರಮ್ಮ, ಇಲ್ಲಿಂದಾಚೆ ರಸ್ತೇನೇ ಇಲ್ಲ” ಎಂದು ಬೈಸಿಕೊಂಡು ಪರಸ್ಪರ ಗುರುತಾದದ್ದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಯಾವುದಾದರೊಂದು ಸಿಟಿ ಬಸ್ಸು ಹತ್ತಿ ಅದು ನಿಲ್ಲುವ ಕಡೆಯವರೆಗೆ ಹೋಗಿ ಬರುವುದೇ ನಮ್ಮ ಪ್ರವಾಸವಾದದ್ದು. ಇದನ್ನೆಲ್ಲ ಕೇಳಲು ಅವಳಿಗೆ ಪುರುಸೊತ್ತಿದ್ದಂತೆಯೂ ಕಾಣಲಿಲ್ಲ. ಆಧಾರ್ ಕಾರ್ಡ್ ನೋಡಿ ಇನ್ನೊಂದು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟಳು.

ಪಟ್ಟಿಯಲ್ಲಿ ಇನ್ನು ಹನ್ನೊಂದು ಕೊನೆಯ ಸ್ಟಾಪುಗಳು ಉಳಿದಿವೆ. ಐವತ್ತೆರಡರಲ್ಲಿ ಹೊಸ ಹವ್ಯಾಸ ಹುಡುಕಲು ನನಗೆ ಶಕ್ತಿಯಿಲ್ಲ. ಹಳೆಯದನ್ನು ಒಬ್ಬಳೇ ನಡೆಸಲು ಎಷ್ಟು ಬೇಕು ಎಂದು ಇವತ್ತು ತಿಳಿಯಿತು.

ಹೊಸ ಶಾಲೆ, ಹೊಸ ಹುದ್ದೆ ಹೇಗಿವೆ, ಬರೆ. ನಾಗೇಂದ್ರನಿಗೆ ನನ್ನ ನೆನಪು ಹೇಳು.

ರಂಜನಿ


ಸುರಪುರ, ಯಾದಗಿರಿ ಜಿಲ್ಲೆ
4 ಆಗಸ್ಟ್ 2024

ರಂಜನಕ್ಕನಿಗೆ ನಮಸ್ಕಾರ,

ಟಿಕೆಟ್ ಅಂಟಿಸಿದೆ. ಮುದುಕನನ್ನೂ ಕೂರಿಸಿದೆ. ‘ತಿಂದದ್ದು’ ಸಾಲಿನಲ್ಲಿ ‘ರಂಜನಕ್ಕ ಉಪವಾಸ’ ಎಂದು ಬರೆದಿದ್ದೇನೆ. ಖಾಲಿ ಬಿಡುವುದು ನನ್ನ ಕೈಲಾಗದು.

ಹೆಡ್‌ಮಿಸ್ಟ್ರೆಸ್ ಎಂದರೆ ಪಾಠ ಮಾಡುವವಳು ಎಂದುಕೊಂಡಿದ್ದೆ. ಇಲ್ಲಿ ನಾನು ಮೊಟ್ಟೆ ಎಣಿಸುತ್ತೇನೆ, ನಲ್ಲಿ ರಿಪೇರಿ ಮಾಡಿಸುತ್ತೇನೆ, ಸಂಜೆ ಕಾಲು ಊದುತ್ತದೆ. ಆಗಸ್ಟಿನಲ್ಲೂ ಸೀರೆ ಮೈಗಂಟುವ ಸೆಕೆ. ಜವಾನ ಮಹಾಂತೇಶ್‌ಗೆ ಹಾಗೆಂದರೆ, “ಸೆಕಿ ಅಂತೀರಲ್ರಿ ಮೇಡಂ, ಇದು ನಮ್ಮ ಕಡಿ ಥಂಡಿ ದಿನಾರಿ!” ಎಂದು ನನ್ನನ್ನೇ ಮರುಕದಿಂದ ನೋಡುತ್ತಾನೆ.

ನಮ್ಮ ಮನೆಯವರು ಮಾತ್ರ ಹೊಂದಿಕೊಂಡುಬಿಟ್ಟಿದ್ದಾರೆ. ಕಾರ್ಖಾನೆ ಬಿಟ್ಟ ಮೇಲೆ ವಿಜಯನಗರದ ಮನೆಯಲ್ಲಿ ಗೇಟಿನ ಹತ್ತಿರ ನಿಂತು ಹೊತ್ತು ಕಳೆಯುತ್ತಿದ್ದ ಮನುಷ್ಯ, ಇಲ್ಲಿ ಪೋಸ್ಟ್ ಮಾಸ್ತರ ಜೊತೆ ಕೇರಂ ಆಡುತ್ತಾರೆ. ನಿಮ್ಮ ಕಾಗದ ಓದಿ ಹೇಳಿದ್ದಕ್ಕೆ, “ನಿಮ್ಮಕ್ಕಂಗೆ ಬರಿ, ಇಲ್ಲಿ ಹತ್ತೋ ಸ್ಟಾಪೇ ಕೊನೇ ಸ್ಟಾಪು ಅಂತ. ಕಷ್ಟಪಟ್ಟು ಹೋಗೋದೇ ಬೇಡ, ಬಂದ್ಬುಟ್ಟಾಗಿದೆ ಕಣೇ” ಎಂದರು.

ಒಂದು ವಿಷಯ. ವರ್ಗಾವಣೆಗೆ ಜನವರಿ ಕೊನೆಯೊಳಗೆ ಅರ್ಜಿ ಹಾಕಬಹುದಂತೆ. ಮೈಸೂರಿನ ಹತ್ತಿರ ಒಂದು ಜಾಗ ಖಾಲಿಯಾಗುತ್ತದೆ. ಆಗ ಹಾಕದಿದ್ದರೆ ಇನ್ನೆರಡು ವರ್ಷ ಕದಲುವಂತಿಲ್ಲ. ಇವರು ಇಲ್ಲೇ ಇರೋಣ ಅನ್ನುತ್ತಾರೆ. ನನಗೆ ಎರಡೂ ಒಂದೇ. ಆದರೆ ಅಕ್ಕ, ನೀವು ಒಂದು ಸಲ ‘ಬಾ’ ಅಂದರೆ ಅರ್ಜಿ ಹಾಕುತ್ತೇನೆ. ಒಂಬತ್ತು ವರ್ಷದಲ್ಲಿ ನೀವು ನನ್ನನ್ನು ಏನನ್ನೂ ಕೇಳಿಲ್ಲ. ಹೊರಡುವ ದಿನ ಸ್ಟೇಷನ್ನಿಗೆ ಬಂದು ‘ನೀರಿನ ಬಾಟ್ಲಿ ತಗೊಂಡ್ಯಾ’ ಅಂದಿರಿ. ರೈಲು ಹೊರಟ ಮೇಲೂ ನೀವು ಇನ್ನೇನೋ ಹೇಳುತ್ತೀರಿ ಎಂದು ಕಿಟಕಿಯಲ್ಲೇ ಕೂತಿದ್ದೆ.

ಧರಣಿ


ಸರಸ್ವತಿಪುರಂ
8 ಸೆಪ್ಟೆಂಬರ್ 2024, ಭಾನುವಾರ

ಪ್ರಿಯ ಧರಣಿ,

ಉತ್ತರ ತಡವಾಯಿತು. ಪ್ರೆಸ್ಸಿನಲ್ಲಿ ಕೆಲಸ ಹೆಚ್ಚು. ನಿಜವಾಗಿ ಹೇಳಬೇಕೆಂದರೆ ಕೆಲಸ ಅಷ್ಟೇ ಇದೆ, ನಾನು ನಿಧಾನವಾಗಿದ್ದೇನೆ. ಪ್ರತಿ ಪುಟವನ್ನೂ ಎರಡು ಸಲ ನೋಡುತ್ತೇನೆ. ಮೊನ್ನೆ ಒಂದು ಪಠ್ಯಪುಸ್ತಕದ ಕರಡಿನಲ್ಲಿ ನಾನು ನೋಡಿ ಸಹಿ ಹಾಕಿದ ಪುಟದಲ್ಲೇ ನಾಲ್ಕು ತಪ್ಪು ಸಿಕ್ಕವು. ಯಜಮಾನರಾದ ರಾಮಸ್ವಾಮಿಯವರು ಬೈಯಲಿಲ್ಲ. “ರಂಜನಮ್ಮನೋರ ಕೈಲಿ ತಪ್ಪು ಉಳೀತು ಅಂದ್ರೆ ನಾವು ಪ್ರೆಸ್ಸು ಮುಚ್ಚೋದೇ ಸರಿ ಕಣ್ರಪ್ಪ” ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ನಜರ್‌ಬಾದಿನಿಂದ ಮನೆಗೆ ನಡೆದುಕೊಂಡೇ ಬಂದೆ.

ಇವತ್ತು ಲಿಂಗಾಂಬುಧಿಪಾಳ್ಯ. ನಿನ್ನೆಯಷ್ಟೇ ಗಣೇಶನ ಹಬ್ಬವಾದ್ದರಿಂದ ಬಸ್ಸಿನಲ್ಲಿ ವಿಪರೀತ ಜನ. ಕೆರೆಯ ಕಡೆಯಿಂದ ಗಾಳಿ ಚೆನ್ನಾಗಿತ್ತು. ‘ಕಂಡದ್ದು’ ಸಾಲಿಗೆ ಇಷ್ಟೇ ಬರೆದುಕೋ: ಜನ. ಟಿಕೆಟ್ ಇಟ್ಟಿದ್ದೇನೆ, ಅಚ್ಚು ಆಗಲೇ ಅಳಿಸಿಹೋಗಿದೆ. ಈ ಮಷೀನಿನ ಟಿಕೆಟ್ಟುಗಳು ನಾಲ್ಕು ದಿನ ಬಾಳುವುದಿಲ್ಲ. ಆದರೂ ಅಂಟಿಸು.

ಓದುತ್ತಿರುವುದು ಚಳಿಯ ದೇಶವೊಂದರ ಕಾದಂಬರಿ, ಒಳ್ಳೆಯ ಅನುವಾದ. ದೀಪಸ್ತಂಭ ಕಾಯುವವನೊಬ್ಬ ಹೆಂಡತಿಗೆ ಬರೆಯಬೇಕಾದ ಪತ್ರವನ್ನು ದಿನಾ ಮುಂದೂಡುತ್ತಾನೆ. ಮೂರು ವಾರದಿಂದ ಅರವತ್ತನೆಯ ಪುಟದಲ್ಲಿದ್ದೇನೆ. ಪುಸ್ತಕದ ತಪ್ಪಲ್ಲ.

ವರ್ಗಾವಣೆಯ ಬಗ್ಗೆ ನಿನಗೆ ಯಾವುದು ಅನುಕೂಲವೋ ಹಾಗೆ ಮಾಡು. ಇಂಥ ವಿಷಯದಲ್ಲಿ ಬೇರೆಯವರ ಮಾತು ಕೇಳಬಾರದು.

ಒಂದು ಕೋರಿಕೆ. ಬರೆಯುವಾಗ ಕಪ್ಪು ಶಾಯಿ ಬಳಸು. ನೀಲಿ ಬಾಲ್‌ಪೆನ್ ಈ ಕಾಗದದ ಮೇಲೆ ತೆಳುವಾಗಿ ಕಾಣುತ್ತದೆ.

ರಂಜನಿ


ಸರಸ್ವತಿಪುರಂ
1 ಅಕ್ಟೋಬರ್ 2024, ಮಂಗಳವಾರ

ಧರಣಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಗೊತ್ತಿರುವುದರಿಂದಲೇ ಬರೆಯಲು ಆಗುತ್ತಿದೆ.

ನನ್ನ ಕಣ್ಣು ಹೋಗುತ್ತಿದೆ. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣು ಶುರುವಾಗಿದೆ. ಹತ್ತನೆಯ ವಯಸ್ಸಿನಿಂದ ದಪ್ಪ ಕನ್ನಡಕ ಹಾಕಿದವರಲ್ಲಿ ಕೆಲವರಿಗೆ ಹೀಗಾಗುತ್ತದಂತೆ. ಕಣ್ಣಿನ ಹಿಂದಿನ ಪರದೆ ಸವೆಯುತ್ತದೆ. ಜಯಲಕ್ಷ್ಮೀಪುರಂನ ಡಾಕ್ಟರು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಇವತ್ತು ಎರಡನೆಯದು. ಹೋದದ್ದು ಬರುವುದಿಲ್ಲ, ಉಳಿದದ್ದು ಒಂದಿಷ್ಟು ದಿನ ಉಳಿಯಬಹುದು. “ಪೂರ್ತಿ ಕತ್ತಲೆ ಆಗಲ್ಲಮ್ಮ, ನಡುವಿನದು ಮಾತ್ರ ಹೋಗುತ್ತೆ. ಅಂಚು ಇರುತ್ತೆ” ಎಂದರು ಡಾಕ್ಟರು. ಅವರು ಹೇಳಿದ್ದು ಸರಿ. ನಾನು ಎಲ್ಲಿ ನೋಡುತ್ತೇನೋ ಅಲ್ಲಿ ಏನೂ ಇರುವುದಿಲ್ಲ. ನೋಡದ ಕಡೆ ಎಲ್ಲವೂ ಇರುತ್ತದೆ.

ಜೊತೆಗೆ ಬರುವವರು ಅಭಿರಾಮರು. ನಿನಗೆ ಗೊತ್ತಲ್ಲ, ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ನನ್ನ ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದವರು. ಅವರು ಓದುತ್ತಿದ್ದರು, ನಾನು ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತಿದ್ದೆ. ಜೊತೆಗೊಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಹೇಳಿದರು, ಅವರ ಮನೆ ಅದೇ ಸ್ಟಾಪಿನಲ್ಲಿದೆ. ಇವತ್ತು ಔಷಧಿ ಬಿಟ್ಟುಕೊಂಡು ಕಾಯುವಾಗ ಅವರು ದಿನಪತ್ರಿಕೆ ಓದಿ ಹೇಳಿದರು, ಹಳೆಯ ಅಭ್ಯಾಸದಂತೆ ಕಾಮಾ, ಫುಲ್‌ಸ್ಟಾಪ್ ಸಮೇತ. ಪಕ್ಕದಲ್ಲಿದ್ದ ಅಜ್ಜಿ, “ಏನ್ರೀ ಅದು, ಊರ ಹೆಸ್ರಾದ ಮೇಲೆ ಕಾಮ ಕಾಮ ಅಂತೀರಿ, ಆಸ್ಪತ್ರೆ ಕಣ್ರೀ ಇದು!” ಎಂದು ರೇಗಿತು. ತಿಂಗಳುಗಳ ಮೇಲೆ ಮನಸಾರೆ ನಕ್ಕೆ.

ಲಿಂಗಾಂಬುಧಿಪಾಳ್ಯಕ್ಕೆ ನಾನು ಹೋಗಲಿಲ್ಲ. ಬಸ್ ನಿಲ್ದಾಣದವರೆಗೆ ಹೋದೆ. ಮುಕ್ಕಾಲು ಗಂಟೆ ಬಸ್ಸುಗಳು ಬಂದವು, ಹೋದವು. ಬೋರ್ಡಿನ ಮೇಲಿನ ನಂಬರು ಯಾವುದೂ ನನಗೆ ನಿಲುಕಲಿಲ್ಲ. ಸುತ್ತ ನೂರು ಜನ ಇದ್ದರು. ಕೇಳಬಹುದಿತ್ತು. ಕೇಳಲಿಲ್ಲ. ವಾಪಸು ಬಂದು ನಿನಗೆ ಕೆರೆಯ ಗಾಳಿಯ ಬಗ್ಗೆ ಬರೆದೆ. ಚೀಲದಲ್ಲಿ ಆಸ್ಪತ್ರೆಗೆ ಹೋದ ದಿನದ ಟಿಕೆಟ್ ಇತ್ತು. ಹೇಗೂ ಅಚ್ಚು ಅಳಿಸಿದೆ ಎಂದು ಅದನ್ನೇ ಇಟ್ಟೆ.

ಇದನ್ನು ನಿನಗೆ ಹೇಳಿದರೆ ನೀನು ಅರ್ಜಿ ಹಾಕುತ್ತೀಯ. ಬಂದು ನನ್ನ ಕೈ ಹಿಡಿದು ರಸ್ತೆ ದಾಟಿಸುತ್ತೀಯ. ಒಂಬತ್ತು ವರ್ಷ ಅಕ್ಕಪಕ್ಕದ ಸೀಟಿನಲ್ಲಿ ಕೂತವರು ನಾವು. ಒಬ್ಬರಿಗೊಬ್ಬರು ಹೊರೆಯಾಗಿರಲಿಲ್ಲ. ಅದನ್ನು ಹಾಳು ಮಾಡಲು ನನಗೆ ಮನಸ್ಸಿಲ್ಲ.

ಸುಸ್ತಾಗಿದೆ. ಬರೆದದ್ದರ ಮೇಲೇ ಬರೆಯುತ್ತಿದ್ದೇನೆಯೋ ಏನೋ, ಗೊತ್ತಾಗುವುದಿಲ್ಲ.


ಸರಸ್ವತಿಪುರಂ
20 ಅಕ್ಟೋಬರ್ 2024, ಭಾನುವಾರ

ಪ್ರಿಯ ಧರಣಿ,

ದಸರಾ ಮುಗಿಯಿತು. ಊರಿನ ದೀಪಗಳನ್ನು ಇಳಿಸುತ್ತಿದ್ದಾರೆ. ಈ ಸಲ ಎಲ್ಲಿಗೂ ಹೋಗಲಿಲ್ಲ. ಅಷ್ಟು ಜನರ ನಡುವೆ ನಿಲ್ಲುವ ವಯಸ್ಸು ಕಳೆಯಿತು.

ಎರಡು ಭಾನುವಾರ ಹೊರಗೆ ಹೋಗಿದ್ದೆ, ಒಮ್ಮೆ ಮೇಗಳಾಪುರ, ಒಮ್ಮೆ ರಮ್ಮನಹಳ್ಳಿ. ಎರಡು ಟಿಕೆಟ್ ಇಟ್ಟಿದ್ದೇನೆ. ಯಾವುದು ಯಾವುದರದು ಎಂದು ಈಗ ಹೇಳುವಂತಿಲ್ಲ, ಎರಡೂ ಖಾಲಿ ಕಾಗದವಾಗಿವೆ. ರಮ್ಮನಹಳ್ಳಿಯಲ್ಲಿ ಮಳೆ ಬಂದು ನಿಂತಿತ್ತು. ಒದ್ದೆ ಮಣ್ಣಿನ ವಾಸನೆ, ಎಲ್ಲೋ ಹಿಟ್ಟಿನ ಗಿರಣಿಯ ಸದ್ದು, ಒಬ್ಬಾಕೆ ಮಗುವನ್ನು ಹೆಸರು ಹಿಡಿದು ಐದಾರು ಸಲ ಕೂಗಿದಳು. ಅದು ಓಗೊಡಲಿಲ್ಲ. ‘ಕಂಡದ್ದು’ ಎಂದು ಇದನ್ನೇ ಬರೆದುಕೋ.

ದೀಪಸ್ತಂಭದವನು ಇನ್ನೂ ಪತ್ರ ಬರೆದಿಲ್ಲ.

ಕಪ್ಪು ಶಾಯಿಯ ಮಾತು ಮರೆಯಬೇಡ.

ರಂಜನಿ


ಸುರಪುರ
9 ನವೆಂಬರ್ 2024

ರಂಜನಕ್ಕ,

ನಿಮ್ಮ ಮೇಲೆ ನನಗೆ ಕೋಪ ಬರಬೇಕು. ಆದರೆ ಎರಡು ದಿನದಿಂದ ನಗುತ್ತಿದ್ದೇನೆ.

ಟಿಕೆಟ್ಟಿನ ಅಚ್ಚು ಅಳಿಸಿದೆ ಎಂದು ಬರೆದಿದ್ದೀರಲ್ಲ, ಸ್ವಲ್ಪ ಮಸುಕಾಗಿದೆ ಅಷ್ಟೇ. ಬೆಳಕಿಗೆ ಹಿಡಿದರೆ ಎಲ್ಲ ಓದಬಹುದು. ಲಿಂಗಾಂಬುಧಿಪಾಳ್ಯದ್ದೆಂದು ಬಂದದ್ದರಲ್ಲಿ ಜಯಲಕ್ಷ್ಮೀಪುರಂ ಎಂದಿತ್ತು. ತಪ್ಪಿ ಬಂದಿರಬೇಕೆಂದು ಸುಮ್ಮನೆ ಅಂಟಿಸಿದೆ. ಈಗ ಬಂದ ಎರಡೂ ಜಯಲಕ್ಷ್ಮೀಪುರಂ! ಆಗಸ್ಟ್ ಇಪ್ಪತ್ತೇಳು, ಸೆಪ್ಟೆಂಬರ್ ಮೂರು, ಅಕ್ಟೋಬರ್ ಒಂದು. ಕ್ಯಾಲೆಂಡರ್ ತೆಗೆದು ನೋಡಿದರೆ ಮೂರೂ ಮಂಗಳವಾರ. ಮಂಗಳವಾರ ಪ್ರೆಸ್ಸಿಗೆ ರಜೆ ಹಾಕಿ ಬೆಳಗ್ಗೆ ಒಂಬತ್ತೂವರೆಗೆ ನಮ್ಮಕ್ಕ ಯಾರ ಮನೆಗೆ ಹೋಗುತ್ತಾರೆ? ಆ ಸ್ಟಾಪಿನಲ್ಲಿ ನಮಗೆ ಗೊತ್ತಿರುವುದು ಒಂದೇ ಮನೆ.

ಅಭಿರಾಮರು ಒಳ್ಳೆಯವರು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ನಿಮಗೆ ಪುಸ್ತಕ ಕೊಡಲು ಬಂದವರು ಗೇಟಿನಲ್ಲೇ ಅರ್ಧ ಗಂಟೆ ನಿಲ್ಲುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಇವರಿಗೆ ಹೇಳಿದೆ. “ಈ ವಯಸ್ನಲ್ಲಿ ಟಿಕೆಟ್ ತಗೊಂಡು ಹೋಗಿ ಪ್ರೀತಿ ಮಾಡೋರು ಇವರೊಬ್ರೇ ಕಣೇ. ಅದೂ ಸಾಕ್ಷಿ ಸಮೇತ!” ಎಂದರು.

ತಮಾಷೆ ಇರಲಿ. ನನಗೆ ಹೇಳಬಹುದಿತ್ತು. ಮೇಗಳಾಪುರ, ರಮ್ಮನಹಳ್ಳಿ ಎಂದೆಲ್ಲ ಕಟ್ಟಿ ಬರೆಯುವ ಅಗತ್ಯವಿರಲಿಲ್ಲ. ನೀವು ಭಾನುವಾರ ಒಬ್ಬರೇ ಬಸ್ಸಿನಲ್ಲಿ ಕೂತಿರುತ್ತೀರಿ ಎಂದು ನಾನು ಇಲ್ಲಿ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಗಡಿಯಾರ ನೋಡುತ್ತಿದ್ದೆ.

ಅರ್ಜಿಯ ಫಾರಂ ತರಿಸಿದ್ದೇನೆ. ಹಾಕಬೇಕೋ ಬೇಡವೋ, ಒಂದು ಮಾತು ಬರೆಯಿರಿ.

ಧರಣಿ

ಕಪ್ಪು ಶಾಯಿಯಲ್ಲಿ ಬರೆದಿದ್ದೇನೆ, ಸರಿಯಾ?


ಸರಸ್ವತಿಪುರಂ
24 ನವೆಂಬರ್ 2024

ಪ್ರಿಯ ಧರಣಿ,

ನಿನ್ನ ಕಾಗದವನ್ನು ಓದಲು ಬಹಳ ಹೊತ್ತು ತೆಗೆದುಕೊಂಡೆ.

ಹೌದು, ಮಂಗಳವಾರ ಅಲ್ಲಿಗೆ ಹೋಗುತ್ತೇನೆ. ಹೌದು, ಅಭಿರಾಮರು ಜೊತೆಗಿರುತ್ತಾರೆ. ಎರಡೂ ನಿಜ. ನೀನು ಊಹಿಸಿದ್ದನ್ನು ಅಲ್ಲಗಳೆಯುವುದಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಬರೆಯುವುದೂ ಇಲ್ಲ. ಊರುಗಳ ಬಗ್ಗೆ ಸುಳ್ಳು ಬರೆದದ್ದು ತಪ್ಪು. ಕ್ಷಮಿಸು.

ನನ್ನ ಭಾನುವಾರಗಳ ಚಿಂತೆ ನಿನಗೆ ಬೇಡ. ನಾಗೇಂದ್ರ ಅಲ್ಲಿ ಸುಖವಾಗಿದ್ದಾನೆ ಎಂದು ನೀನೇ ಬರೆದಿದ್ದೀಯ. ನನ್ನ ಕಾರಣಕ್ಕೆ ಯಾರೂ ಗಂಟುಮೂಟೆ ಕಟ್ಟುವ ಅಗತ್ಯವಿಲ್ಲ.

ರಂಜನಿ


ಸುರಪುರ
2 ಫೆಬ್ರವರಿ 2025

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ಶಾಲೆಗೆ ತಪಾಸಣೆಯವರು ಬಂದಿದ್ದರು, ಆಮೇಲೆ ಜ್ವರ.

ಮೊನ್ನೆ ಮೂವತ್ತೊಂದಕ್ಕೆ ಕೊನೆಯ ದಿನವಿತ್ತು. ಅರ್ಜಿ ಹಾಕಲಿಲ್ಲ. ಇನ್ನೆರಡು ವರ್ಷ ಇಲ್ಲೇ. ಇಲ್ಲಿ ಚೆನ್ನಾಗಿದೆ. ಇವರೂ ಆರಾಮವಾಗಿದ್ದಾರೆ. ವಿಜಯನಗರದ ಮನೆಯ ಬಾಡಿಗೆದಾರರಿಗೆ ಮುಂದುವರಿಯಲು ಹೇಳಿದ್ದಾಯಿತು.

ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಬೇಕಾದರೆ ತಿಳಿಸಿ, ಪಾರ್ಸಲ್ ಮಾಡುತ್ತೇನೆ. ನಿಮಗೂ ಅಭಿರಾಮರಿಗೂ ಉಪಯೋಗಕ್ಕೆ ಬರಬಹುದು.

ಧರಣಿ


ಸರಸ್ವತಿಪುರಂ
23 ಫೆಬ್ರವರಿ 2025

ಪ್ರಿಯ ಧರಣಿ,

ಒಳ್ಳೆಯ ನಿರ್ಧಾರ. ನೋಟ್‌ಬುಕ್ ನಿನ್ನ ಬಳಿಯೇ ಇರಲಿ. ಪ್ರೆಸ್ಸಿನ ಕೆಲಸ ಬಿಟ್ಟೆ, ಸಾಕಾಗಿತ್ತು. ರಾಮಸ್ವಾಮಿಯವರು ಶಾಲು ಹೊದಿಸಿದರು. ಜ್ವರ ಬಂದ ಮೇಲೆ ಸುಸ್ತು ಇರುತ್ತದೆ, ಬಿಸಿಲಿಗೆ ಹೋಗಬೇಡ.

ರಂಜನಿ


ಸುರಪುರ
9 ಮಾರ್ಚ್ 2025

ರಂಜನಕ್ಕ,

ನಿಮ್ಮ ಐದು ಸಾಲಿನ ಕಾಗದದಲ್ಲಿ ಮೂರನೆಯ ಸಾಲು ಎರಡನೆಯದರ ಮೇಲೆ ಹತ್ತಿ ಕೂತಿದೆ. ಗೆರೆ ಹೊಡೆದ ಹಾಗೆ ಬರೆಯುವವರು ನೀವು.

ಮೊದಲು ಅವಸರದಲ್ಲಿ ಬರೆದಿದ್ದೀರಿ ಎಂದುಕೊಂಡೆ. ಆದರೆ ಹೋದ ಜೂನಿನಲ್ಲಿ ನನ್ನ ಶಾಲೆಯ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್ಸು ಹೀಗೇ ಇತ್ತು. ಸಾಲಿನ ಮೇಲೆ ಸಾಲು. ಮೇಷ್ಟ್ರು ಬೈದು ಬೈದು ಇಟ್ಟಿದ್ದರು. ನಾನು ಅವಳನ್ನು ಆಫೀಸಿಗೆ ಕರೆದು ಗೋಡೆಯ ಮೇಲಿದ್ದ ಕ್ಯಾಲೆಂಡರ್ ಓದು ಎಂದೆ. ಓದಲಿಲ್ಲ. ದಡ್ಡಿ ಅಲ್ಲ ಅಕ್ಕ ಅವಳು, ಅವಳಿಗೆ ಕಾಣುತ್ತಿರಲಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಈ ಸಲ ಮಾತು ಓದಲಿಲ್ಲ, ಅಕ್ಷರ ನೋಡಿದೆ. ಜುಲೈಯಲ್ಲಿ ನೆಟ್ಟಗಿವೆ. ಸೆಪ್ಟೆಂಬರಿನಲ್ಲಿ ವಾಲುತ್ತವೆ. ಅಕ್ಟೋಬರಿನಲ್ಲಿ ದಪ್ಪಗಾಗುತ್ತವೆ. ಹಂಚ್ಯಾದಲ್ಲಿ ಕೆಂಪು ಕುರ್ಚಿ, ನೀಲಿ ಸ್ವೆಟರು ಇತ್ತು. ರಮ್ಮನಹಳ್ಳಿಯಲ್ಲಿ ಒಂದೂ ಬಣ್ಣವಿಲ್ಲ. ಬರೀ ಸದ್ದು, ವಾಸನೆ. ಕಪ್ಪು ಶಾಯಿ ಕೇಳಿದಿರಿ. ಅರವತ್ತನೆಯ ಪುಟ ದಾಟಲಿಲ್ಲ. ಇಷ್ಟಕ್ಕೂ ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿದವರು ನೀವು. ಕಣ್ಣು ಕಾಣುತ್ತಿದ್ದರೆ ಆ ಟಿಕೆಟ್ಟುಗಳನ್ನು ಕವರಿನಲ್ಲಿ ಇಡುತ್ತಿರಲಿಲ್ಲ. ಅದು ನನಗೆ ನವೆಂಬರಿನಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಕ್ಕೆ. ಇವರನ್ನೂ ನಗಿಸಿದೆ.

ಅಭಿರಾಮರಿಗೆ ಫೋನ್ ಮಾಡಿದೆ. ಅವರು ಹೇಳಲು ಹಿಂಜರಿದರು. “ಅವರು ಯಾರಿಗೂ ಹೇಳ್ಬೇಡಿ ಅಂದಿದಾರಮ್ಮ” ಎಂದರು. ಆಮೇಲೆ ಅವರಾಗಿಯೇ, “ಮಾರ್ಚ್ ನಾಲ್ಕಕ್ಕೆ ಏಳನೇ ಇಂಜೆಕ್ಷನ್ ಆಯ್ತು. ಬಲಗಣ್ಣು ಸದ್ಯಕ್ಕೆ ನಿಂತಿದೆ” ಎಂದರು.

ಈಗ ನನ್ನ ಸುಳ್ಳು ಕೇಳಿ. ಇಲ್ಲಿ ಚೆನ್ನಾಗಿಲ್ಲ. ಇವರು ಆರಾಮವಾಗಿಲ್ಲ. ಕೇರಂ ಆಡಿದ್ದು ಒಂದು ತಿಂಗಳು, ಪೋಸ್ಟ್ ಮಾಸ್ತರಿಗೆ ಬೇರೆ ಊರಿಗೆ ವರ್ಗವಾಯಿತು. ಅಂದಿನಿಂದ ಇವರು ಇಲ್ಲಿಯೂ ಗೇಟಿನ ಹತ್ತಿರವೇ ನಿಲ್ಲುತ್ತಾರೆ. “ಅರ್ಜಿ ಹಾಕ್ಬುಡೇ, ಅವರು ಕರೀಲಿ ಅಂತ ಯಾಕೆ ಕಾಯ್ತೀಯ” ಎಂದು ಹೇಳಿ ಹೇಳಿ ಸೋತರು. ಅರ್ಜಿ ಪೂರ್ತಿ ತುಂಬಿಸಿ, ಸಹಿ ಹಾಕಿ, ಮೂವತ್ತೊಂದರ ಸಂಜೆ ಐದರವರೆಗೆ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಆ ದಿನದ ಟಪಾಲಿನಲ್ಲೂ ನಿಮ್ಮ ಕಾಗದ ಬರಲಿಲ್ಲ. ನಿಮಗೆ ಜೊತೆ ಸಿಕ್ಕಿದೆ, ನಾನು ಬಂದರೆ ನಡುವೆ ಕೂತ ಹಾಗಾಗುತ್ತದೆ ಎಂದು ಹರಿದು ಹಾಕಿದೆ.

ಎರಡು ವರ್ಷ, ಅಕ್ಕ. ಡಾಕ್ಟರು ನಿಮ್ಮ ಬಲಗಣ್ಣಿಗೆ ಎಷ್ಟು ದಿನ ಹೇಳಿದ್ದಾರೆ?

ಅಮ್ಮನ ಊರುಗೋಲನ್ನು ಹಿಡಿದುಕೊಳ್ಳಲು ಹೋದರೆ ಅವರು ನನ್ನ ಕೈ ಕೊಡವುತ್ತಾರೆ. ಆದರೆ ರಸ್ತೆ ಬಂದಾಗ ತಾವೇ, “ಧರಣೀ, ಎಲ್ಲಿದೀಯೇ, ಬಾರೇ ಇತ್ಲಾಗೆ” ಎಂದು ಇಡೀ ಅಶೋಕಪುರಂಗೆ ಕೇಳುವಂತೆ ಕರೆಯುತ್ತಾರೆ. ಎಪ್ಪತ್ತೆಂಟು ವರ್ಷ. ಕರೆದದ್ದರಿಂದ ನಮ್ಮಮ್ಮ ಮುದ್ದಮ್ಮ ಯಾರ ಕಣ್ಣಿಗೂ ಚಿಕ್ಕವರಾಗಿಲ್ಲ.

ಏಪ್ರಿಲ್ ಹನ್ನೊಂದರಿಂದ ಬೇಸಿಗೆ ರಜೆ. ಅಂಬೇಡ್ಕರ್ ಜಯಂತಿಗೆ ಅಮ್ಮನ ಮನೆಗೆ ಹೇಗೂ ಬರುತ್ತೇವೆ. ನಿಮ್ಮ ಮನೆಗೆ ಬರಬೇಕೋ ಬೇಡವೋ ನೀವು ಹೇಳಬೇಕು. ಕರೆಯದೆ ಬರುವುದಿಲ್ಲ. ಈ ಸಲ ನಿಜವಾಗಿಯೂ ಬರುವುದಿಲ್ಲ.

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಒಂಬತ್ತು ಹಾಳೆ ಆಯಿತು. ಓದಲಾಗದಿದ್ದರೆ ಅಭಿರಾಮರ ಕೈಲಿ ಓದಿಸಿ, ಕಾಮಾ, ಫುಲ್‌ಸ್ಟಾಪ್ ಸಮೇತ. ಅವರು ಫೋನಿನಲ್ಲೂ ಹಾಗೇ ಮಾತಾಡುತ್ತಾರಲ್ಲ!

ಧರಣಿ


ಸರಸ್ವತಿಪುರಂ
30 ಮಾರ್ಚ್ 2025, ಯುಗಾದಿ

ಧರಣಿ,

ಬಾ.

ಇದನ್ನು ಡ್ರಾಯಿಂಗ್ ಹಾಳೆಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಆರೇ ಸಾಲು ಹಿಡಿಯುತ್ತವೆ. ಹಾಗಾಗಿ ಮೊದಲು ಬರೆಯಬೇಕಾದದ್ದನ್ನು ಮೊದಲು ಬರೆದೆ.

ನಿನ್ನ ಕಾಗದವನ್ನು ಅಭಿರಾಮರು ಓದಿ ಹೇಳಿದರು. ಮುದ್ದಮ್ಮನವರ ಮಾತು ಬಂದಾಗ ಫುಲ್‌ಸ್ಟಾಪ್ ಹೇಳುವುದನ್ನು ಮರೆತರು.

ಅಕ್ಟೋಬರಿನಲ್ಲಿ ಬರೆದು ಅಂಚೆಗೆ ಹಾಕದ ಕಾಗದ ಇದರ ಜೊತೆಗಿದೆ. ಓದಿದ ಮೇಲೆ ಬೈಯುವುದಿದ್ದರೆ ಬಂದು ಬೈಯಿ.

ಡಾಕ್ಟರು ದಿನ ಹೇಳಿಲ್ಲ. ನಾನೂ ಕೇಳಿಲ್ಲ. ಮುಂದಿನ ಸಲ ಕೇಳುತ್ತೇನೆ.

ಟಿಕೆಟ್ಟಿನ ಅಚ್ಚು ಅಳಿಸಿದೆ ಎಂದು ನಿಜವಾಗಿಯೇ ನಂಬಿದ್ದೆ. ಆ ಕಾಗದದ ಮೇಲೆ ಇನ್ನೂ ಎಲ್ಲ ಇತ್ತು ಎಂದು ನೀನು ಬರೆದ ದಿನ ನನಗೆ ಗೊತ್ತಾಯಿತು, ಎಷ್ಟು ಹೋಗಿದೆ ಎಂದು.

ದೀಪಸ್ತಂಭದವನ ಕಥೆಯನ್ನು ಅಭಿರಾಮರು ಸಂಜೆ ಓದುತ್ತಾರೆ. ನೂರ ಹತ್ತನೆಯ ಪುಟಕ್ಕೆ ಬಂದಿದ್ದೇವೆ. ಅವನು ಪತ್ರ ಬರೆದ. ತಡವಾಯಿತು, ಆದರೆ ಬರೆದ.

ಪಟ್ಟಿಯಲ್ಲಿ ಹನ್ನೊಂದೂ ಹಾಗೇ ಇವೆ. ಏಪ್ರಿಲ್ ಹದಿಮೂರು ಭಾನುವಾರ. ಬೆಳಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣ. ಬೋರ್ಡ್ ನೀನು ಓದು. ರಸ್ತೆ ದಾಟುವಾಗ ನಾನು ಕರೆಯುತ್ತೇನೆ. ಅಶೋಕಪುರಂಗೆ ಕೇಳುವಷ್ಟು ಗಟ್ಟಿಯಾಗಿ ಆಗದು, ನೀನು ಹತ್ತಿರದಲ್ಲೇ ಇರು.

ನೋಟ್‌ಬುಕ್ ತಾ. ಇನ್ನು ಮೇಲೆ ‘ತಿಂದದ್ದು’ ನನ್ನ ಸಾಲು. ‘ಕಂಡದ್ದು’ ನಿನ್ನದು. ಬರೆದ ಮೇಲೆ ನನಗೆ ಓದಿ ಹೇಳಬೇಕು. ಉದ್ದ ಬೇಡ. ಬಣ್ಣ ಮಾತ್ರ ಬಿಡಬೇಡ.

ರಂಜನಿ